ಯೂಂಗ್ ಅವರಿಂದ ಮೊಬೈಲಿನವರೆಗೆ: ಸ್ವಭಾವ ಅಳೆಯುವ ಪರೀಕ್ಷೆಗಳು

1937–38ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ಭಾರತಕ್ಕೆ ಬಂದಿದ್ದರು. ಕಲ್ಕತ್ತೆಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವ ನೆಪ. ನಾಲ್ವಡಿ ಕೃಷ್ಣರಾಜ ಒಡೆಯರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಮಾಡಿದ ಚರ್ಚೆಯನ್ನು ಯೂಂಗ್ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದರು. ಯೂಂಗ್ ಅವರ ‘ಮನೋವೈಜ್ಞಾನಿಕ ಮಾದರಿಗಳು’ ಗ್ರಂಥ ಆಗಲೇ ಹೊರಬಂದು ಹದಿನಾರು ವರ್ಷವಾಗಿತ್ತು. ಇಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗ ಹುಡುಗಿಯರು ಮೊಬೈಲಿನಲ್ಲಿ ‘ನೀವು ಎಂಥವರು’ ಎಂದು ಕೇಳಿಸಿಕೊಳ್ಳುವ ಪರೀಕ್ಷೆಗಳ ಬೇರು ಆ ಗ್ರಂಥದಲ್ಲಿದೆ.

1921ರ ಆ ಗ್ರಂಥದಲ್ಲಿ ಯೂಂಗ್ ಹೇಳಿದ್ದು ಸರಳ. ಮನಸ್ಸಿನ ಒಲವು ಎರಡು: ಅಂತರ್ಮುಖ, ಬಹಿರ್ಮುಖ. ಅದರ ವ್ಯಾಪಾರ ನಾಲ್ಕು: ಆಲೋಚನೆ, ಭಾವನೆ, ಇಂದ್ರಿಯಾನುಭವ, ಒಳಅರಿವು. ಕೂಡಿಸಿದರೆ ಎಂಟು ಬಗೆ. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ವಿಚಾರವಿದು, ಪ್ರಶ್ನಾವಳಿಯಿಂದ ಬಂದದ್ದಲ್ಲ. ಜನರಿಗೆ ಚೀಟಿ ಅಂಟಿಸುವುದು ತಮ್ಮ ಉದ್ದೇಶವಲ್ಲವೆಂದು 1934ರಲ್ಲೇ ಅವರು ಎಚ್ಚರಿಸಿದ್ದರು.

ಪ್ರಶ್ನಾವಳಿ ಹುಟ್ಟಿದ್ದು ಅಮೆರಿಕದಲ್ಲಿ. ಕ್ಯಾಥರೀನ್ ಬ್ರಿಗ್ಸ್, ಅವರ ಮಗಳು ಇಸಬೆಲ್ ಮೈಯರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಕಟ್ಟತೊಡಗಿದರು. 1962ರಲ್ಲಿ ಅದರ ಕೈಪಿಡಿ ಪ್ರಕಟವಾಯಿತು. ನಾಲ್ಕು ಅಕ್ಷರ, ಹದಿನಾರು ಬಗೆ ಬಂದದ್ದು ಅಲ್ಲಿಂದ. ಪ್ರತಿಯೊಬ್ಬರಲ್ಲೂ ಆ ವ್ಯಾಪಾರಗಳು ಒಳಗೆ, ಹೊರಗೆ ಎಂದು ಸರದಿಯಂತೆ ಜೋಡಣೆಯಾಗಿರುತ್ತವೆ ಎಂಬ ಈಗಿನ ಪ್ರಸಿದ್ಧ ಕ್ರಮ ಇನ್ನೂ ಈಚಿನದು. 1980ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಗ್ರಾಂಟ್ ಅದಕ್ಕೆ ರೂಪ ಕೊಟ್ಟರು. ‘ಇದು ಶುದ್ಧ ಯೂಂಗ್’ ಎಂದು ಹೇಳಿಕೊಳ್ಳುವ ಪರೀಕ್ಷೆಗಳಲ್ಲಿ ಯೂಂಗ್ ಹೇಳದ ಎಷ್ಟೋ ಮಾತು ಸೇರಿಕೊಂಡಿದೆ.

ಆನ್‌ಲೈನ್ ಪರೀಕ್ಷೆಗಳು ಒಂದೇ ವಸ್ತುವನ್ನು ಅಳೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ‘16 ಪರ್ಸನಾಲಿಟೀಸ್’ ಅಕ್ಷರಗಳನ್ನಷ್ಟೇ ಎರವಲು ಪಡೆದಿದೆ. ಒಳಗಿನ ಲೆಕ್ಕ ಸ್ವಭಾವದ ಗುಣಗಳದ್ದು, ಯೂಂಗ್ ಅವರ ವ್ಯಾಪಾರಗಳದ್ದಲ್ಲ. ಡೇರಿಯೊ ನಾರ್ಡಿ ಅವರ ‘ಕೀಸ್ ಟು ಕಾಗ್ನಿಷನ್’ ಒಲವಿನೊಡನೆ ಕೂಡಿ ಎಂಟಾಗುವ ವ್ಯಾಪಾರಗಳನ್ನು ಬೇರೆಬೇರೆಯಾಗಿ ಅಳೆಯಲು ಹೊರಡುತ್ತದೆ. ‘ಸಾಕಿನೋರ್ವಾ’ ಜಾಲತಾಣ ಒಂದೇ ಉತ್ತರಪತ್ರಿಕೆಗೆ ಬೇರೆಬೇರೆ ಸೂತ್ರ ಹಚ್ಚಿ ಹಲವು ಬಗೆಗಳನ್ನು ಕೊಡುತ್ತದೆ, ಅವು ಒಂದಕ್ಕೊಂದು ತಾಳೆಯಾಗದೆಯೂ ಇರಬಹುದು. ಅದು ದೋಷವೆಂದು ನನಗನಿಸುವುದಿಲ್ಲ. ಸಿದ್ಧಾಂತದೊಳಗಿನ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ತೋರಿಸುವ ಪ್ರಾಮಾಣಿಕತೆ ಅದು.

1989ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಕ್ರೇ ಮತ್ತು ಕೋಸ್ಟಾ ಈ ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯನ್ನು ಒರೆಗೆ ಹಚ್ಚಿದರು. ಅದರ ನಾಲ್ಕು ಅಳತೆಗಳು ‘ಬಿಗ್ ಫೈವ್’ ಎಂಬ ಐದು ಗುಣಗಳಲ್ಲಿ ನಾಲ್ಕರೊಂದಿಗೆ ಹೊಂದಿಕೊಂಡವು. ಆದರೆ ಜನ ಹದಿನಾರು ಬೇರೆಬೇರೆ ಗುಂಪುಗಳಾಗಿ ಒಡೆದಿದ್ದಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಹೆಚ್ಚಿನವರು ನಡುವಿನಲ್ಲೇ ಇರುತ್ತಾರೆ. ನಡುವಿನಲ್ಲಿ ಗೆರೆ ಎಳೆದರೆ ಒಂದೆರಡು ಉತ್ತರ ಬದಲಾದರೂ ಅಕ್ಷರ ಬದಲಾಗುತ್ತದೆ. ತಿಂಗಳ ಹಿಂದೆ ಒಂದು ಬಗೆ, ಈಗ ಇನ್ನೊಂದು ಬಗೆ ಬರುವುದು ಇದರಿಂದಲೇ.

ನಮ್ಮ ನಾಡಿನಲ್ಲಿ ಮಾಪನದ ಕೆಲಸ ಬೇರೆ ದಾರಿಯಲ್ಲಿ, ಹೆಚ್ಚು ತಾಳ್ಮೆಯಿಂದ ನಡೆದಿತ್ತು. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಧಾರವಾಡದಲ್ಲಿ ವಿ.ವಿ. ಕಾಮತ್ 1930ರ ದಶಕದಲ್ಲಿ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಪ್ರಶ್ನೆಗಳನ್ನು ಬರೀ ಭಾಷಾಂತರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಇಲ್ಲಿನ ಮಕ್ಕಳ ಮುಂದಿಟ್ಟು, ಇಲ್ಲಿನ ವಯಸ್ಸಿಗೆ ತಕ್ಕ ಮಟ್ಟ ಗೊತ್ತುಮಾಡಿದರು. ಬಿನೆ–ಕಾಮತ್ ಪರೀಕ್ಷೆ ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿ ಉಳಿದದ್ದು ಆ ಶ್ರಮದಿಂದ.

ಆನ್‌ಲೈನ್ ಪರೀಕ್ಷೆಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಈ ಶ್ರಮವೇ. ‘ಪಾರ್ಟಿಯಲ್ಲಿ ಅಪರಿಚಿತರನ್ನು ನೀವಾಗಿಯೇ ಮಾತಾಡಿಸುತ್ತೀರಾ?’ ಎಂಬಂಥ ಪ್ರಶ್ನೆ ತೆಗೆದುಕೊಳ್ಳಿ. ಚನ್ನರಾಯನದುರ್ಗದ ಬೆಟ್ಟದ ಬುಡದ ಹಳ್ಳಿಯ ಹುಡುಗಿ ಕಂಡ ಕೂಟವೆಂದರೆ ಮದುವೆ, ಜಾತ್ರೆ. ಅಲ್ಲಿ ಸಿಗುವವರೆಲ್ಲ ನೆಂಟರು, ಊರವರು. ಅವಳು ‘ಇಲ್ಲ’ ಎಂದು ಒತ್ತಿದರೆ ಪರೀಕ್ಷೆ ಅವಳನ್ನು ಅಂತರ್ಮುಖಿ ಎನ್ನುತ್ತದೆ. ಅವಳು ಹೇಳಿದ್ದು ತನಗೆ ಒದಗದ ಸಂದರ್ಭದ ಮಾತು, ಸ್ವಭಾವದ್ದಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಎಂಟು ವ್ಯಾಪಾರಗಳ ಬಗ್ಗೆ ಕುತೂಹಲವಿದ್ದರೆ ನಾರ್ಡಿ ಅವರದ್ದು, ಸಾಕಿನೋರ್ವಾ ಎರಡನ್ನೂ ಮಾಡಿ, ಫಲಿತಾಂಶವನ್ನು ಓದಿಗೆ ಪೀಠಿಕೆ ಎಂದು ಇಟ್ಟುಕೊಳ್ಳಿ. ನಾಲ್ಕು ಅಕ್ಷರವೇ ಬೇಕಿದ್ದರೆ, ಪ್ರಶ್ನೆ, ಲೆಕ್ಕದ ವಿಧಾನ ಎರಡನ್ನೂ ಬಹಿರಂಗವಾಗಿಟ್ಟಿರುವ ‘ಓಪನ್ ಎಕ್ಸ್‌ಟೆಂಡೆಡ್ ಯುಂಗಿಯನ್ ಟೈಪ್ ಸ್ಕೇಲ್ಸ್’ ವಾಸಿ. ನಿಮ್ಮ ಸ್ವಭಾವದ ನಂಬಬಹುದಾದ ಚಿತ್ರ ಬೇಕೆಂದರೆ ಐದು ಗುಣಗಳ ಪರೀಕ್ಷೆಯೇ ಮೇಲು. ಯಾವುದೇ ಆಗಲಿ, ಅಕ್ಷರಕ್ಕಿಂತ ಅಂಕ ನೋಡಿ. ಅಂಕ ನಡುವಿನ ಆಸುಪಾಸಿನಲ್ಲಿದ್ದರೆ ಆ ಅಕ್ಷರವನ್ನು ಕೈಬಿಡಿ. ಕೋರ್ಸು, ಕೆಲಸ, ಸಂಬಂಧವನ್ನು ಇದರ ಮೇಲೆ ತೀರ್ಮಾನಿಸಬೇಡಿ. ನೇಮಕಾತಿಗೆ ಬಳಸಬಾರದೆಂದು ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯ ಪ್ರಕಾಶಕರೇ ಹೇಳಿದ್ದಾರೆ.

ಐದು ಗುಣಗಳ ಪ್ರಶ್ನೆಗಳ ದೊಡ್ಡ ಭಂಡಾರವೊಂದು ಯಾರ ಹಕ್ಕಿಗೂ ಒಳಪಡದೆ ಎಲ್ಲರಿಗೂ ತೆರೆದಿದೆ. ಮೈಸೂರು, ಧಾರವಾಡ, ತುಮಕೂರಿನ ಮನಶ್ಶಾಸ್ತ್ರದ ಅಧ್ಯಾಪಕರು ಅದನ್ನು ಕೈಗೆತ್ತಿಕೊಂಡು, ಕಾಮತರಂತೆ ಹಳ್ಳಿಹಳ್ಳಿಯ ಕನ್ನಡಿಗರ ಮುಂದಿಟ್ಟು ಪರೀಕ್ಷಿಸಿ, ಉಚಿತವಾಗಿ ಮೊಬೈಲಿಗೆ ತಲುಪಿಸಲಿ.