ಆ ಕ್ಯಾಪ್ಟನ್ ನಡೆದನೇನೋ?

"ಬೆನ್ನಿಗೆ ಕತ್ತರಿ ಹಾಕ್ಸಿದೋರು ಎದ್ದು ಓಡಾಡಲ್ಲ ಕಣೋ."

ಎಂಆರ್‌ಐ ರಿಪೋರ್ಟ್ ಹಿಡಿದು ಊರಿಗೆ ಹೋದಾಗ ದೊಡ್ಡಪ್ಪ ಹೇಳಿದ್ದಿಷ್ಟೆ. ಎರಡು ವರ್ಷ 'ವಾತ' ಅಂತ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ನೋಡಿದರೆ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆ. ಕ್ಯಾನ್ಸರ್ ಥರ ಕಾಣ್ತಿಲ್ಲ, ಆದರೆ ಬಿಟ್ಟರೆ ಕಾಲು ಹೋಗುತ್ತೆ ಅಂದಿದ್ದರು ಡಾಕ್ಟರು. ದೊಡ್ಡಪ್ಪನ ಭಯಕ್ಕೆ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು 1887ರ ಲಂಡನ್.

ಅಲ್ಲೊಬ್ಬ ಸೇನೆಯ ಕ್ಯಾಪ್ಟನ್. ಮೂರು ವರ್ಷದ ಬೆನ್ನುನೋವು, ಕೊನೆಗೆ ಎರಡೂ ಕಾಲು ಸ್ವಾಧೀನ ತಪ್ಪಿದವು. ಎಕ್ಸ್‌ರೇ ಪತ್ತೆಯಾಗಲು ಇನ್ನೂ ಎಂಟು ವರ್ಷ ಬಾಕಿ. ವಿಲಿಯಂ ಗೋವರ್ಸ್ ಎಂಬ ವೈದ್ಯರು ಮೈಯಲ್ಲಿ ಸ್ಪರ್ಶ ಎಲ್ಲಿಂದ ಕೆಳಗೆ ಗೊತ್ತಾಗುತ್ತಿಲ್ಲ ಅಂತ ಪರೀಕ್ಷಿಸಿಯೇ ಗಡ್ಡೆಯ ಜಾಗ ಅಂದಾಜು ಮಾಡಿದರು. ಜೂನ್ 9ರಂದು ಸರ್ಜನ್ ವಿಕ್ಟರ್ ಹಾರ್ಸ್ಲಿ ಬೆನ್ನು ತೆರೆದರು. ಗಡ್ಡೆ ಇಲ್ಲ! ಇನ್ನಷ್ಟು ಮೇಲಕ್ಕೆ ಮೂಳೆ ತೆಗೆದಾಗ ಸಿಕ್ಕಿತು, ಬಾದಾಮಿ ಆಕಾರದ್ದು. ಬೆನ್ನುಹುರಿಯ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದ ಮೊದಲ ಪ್ರಕರಣ ಅಂತ ಇತಿಹಾಸ ಇದನ್ನೇ ನೆನೆಯುತ್ತದೆ.

ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಬಗ್ ಯಾವ ಸಾಲಲ್ಲಿದೆ ಅಂತ ಗೊತ್ತಿದ್ದರೆ ಆ ಸಾಲನ್ನಷ್ಟೇ ಮುಟ್ಟುತ್ತೇವೆ. ಗೊತ್ತಿಲ್ಲದಿದ್ದರೆ ಇಡೀ ಫೈಲ್ ಕೆದಕುತ್ತೇವೆ.

ಗಾಯ ಚಿಕ್ಕದಾಗುತ್ತಾ ಬಂದದ್ದೂ ನೋಟ ಚುರುಕಾಗುತ್ತಾ ಬಂದಂತೆ. 1920ರ ದಶಕದಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೆ ಬೆನ್ನುಹುರಿಯ ಸುತ್ತ ಅಯೋಡಿನ್ ಬೆರೆತ ಎಣ್ಣೆ ಬಿಟ್ಟು, ಅದು ಎಲ್ಲಿ ತಡೆದು ನಿಲ್ಲುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡಿದರು. ಆಮೇಲೆ ಆಪರೇಷನ್ ಥಿಯೇಟರಿಗೆ ಮೈಕ್ರೋಸ್ಕೋಪ್ ಬಂತು, 1980ರ ದಶಕದಲ್ಲಿ ಎಂಆರ್‌ಐ ಬಂತು. 1990ರ ದಶಕದಲ್ಲಿ ಡಿಸ್ಕ್ ತೊಂದರೆಗೆ ಅಂತ ಹೊಸ ದಾರಿ ಹುಡುಕಿದರು: ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಸರಿಸಿ, ನಡುವೆ ಸಣ್ಣ ಕೊಳವೆ ಇಳಿಸುವುದು. 2006ರಲ್ಲಿ ಅಮೆರಿಕದ ಸರ್ಜನ್ನರು ಅಂಥ ಕೊಳವೆಯ ಮೂಲಕವೇ ಬೆನ್ನುಹುರಿಯ ಪಕ್ಕದ ಗಡ್ಡೆಗಳನ್ನು ತೆಗೆದು ವರದಿ ಮಾಡಿದರು. ಎಲ್ಲ ಗಡ್ಡೆಗೂ ಇದು ಒಗ್ಗಲ್ಲ. ದೊಡ್ಡದಿದ್ದರೆ, ಹುರಿಯ ಒಳಗೇ ಇದ್ದರೆ ಅಗಲವಾಗಿ ತೆರೆಯಲೇಬೇಕಾಗಬಹುದು.

ಇಷ್ಟೂ ಹೇಳಿದ ಮೇಲೆ ದೊಡ್ಡಪ್ಪ ಕೇಳಿದ್ದು ಒಂದೇ.

"ಆ ಕ್ಯಾಪ್ಟನ್ ನಡೆದನೇನೋ?"

"ನಡೆದ ದೊಡ್ಡಪ್ಪ. ಒಂದು ವರ್ಷ ಆದ್ಮೇಲೆ ದಿನಕ್ಕೆ 16 ಗಂಟೆ ಕೆಲಸ ಮಾಡ್ತಿದೀನಿ ಅಂತ ಕಾಗದ ಬರೆದಿದ್ದನಂತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟೊಂದ್ ಗೇಯೋದೇನ್ ಬೇಡ. ತ್ವಾಟಕ್ ಹೋಗ್ಬಂದ್ರೆ ಸಾಕು. ಯಾವತ್ತು ಅಂತ ಕೇಳು."