ಊದಿದ ಕಾಲು, ರೆಫರಲ್ ಚೀಟಿ

ಒಂದೇ ಕಾಲು ಊದಿದೆ, ಮೀನಖಂಡ ಒತ್ತಿದರೆ ನೋವು. ಉಳುಕಿರಬಹುದು, ಚರ್ಮದ ಸೋಂಕಿರಬಹುದು, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಕೊನೆಯದೇ ನಿಜವಾದರೆ, ಅಂದರೆ ಡಿವಿಟಿಯಾಗಿದ್ದರೆ, ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗಿ ಜೀವವನ್ನೇ ತೆಗೆದೀತು. ಆದರೆ ಅನುಮಾನ ಬಂದವರಲ್ಲಿ ಹೆಚ್ಚಿನವರಿಗೆ ಡಿವಿಟಿ ಇರುವುದಿಲ್ಲ. ಹಾಗಾಗಿ ಈ ಕ್ಷೇತ್ರ ಬೆಳೆದದ್ದು ಯಾರನ್ನು ಆಸ್ಪತ್ರೆಗೆ ಕಳಿಸದಿದ್ದರೂ ನಡೆದೀತು ಎಂಬ ಹುಡುಕಾಟದಲ್ಲಿ ಎಂದೇ ನನ್ನ ಎಣಿಕೆ.

1940ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಹೋಮನ್ಸ್, ಪಾದವನ್ನು ಮೇಲಕ್ಕೆ ಬಾಗಿಸಿದಾಗ ಏಳುವ ನೋವನ್ನು ಗುರುತಾಗಿ ಹೇಳಿದ. ಅದು ನಂಬುವಂಥದ್ದಲ್ಲ ಎಂದು ಗೊತ್ತಾದ ಮೇಲೂ ಪಠ್ಯಪುಸ್ತಕಗಳು ಅದನ್ನು ಬಿಡಲಿಲ್ಲ. ಖಚಿತವಾಗಬೇಕಾದರೆ ಪಾದದ ನಾಳಕ್ಕೆ ಚಿತ್ರದಲ್ಲಿ ಎದ್ದು ಕಾಣುವ ದ್ರವ ಚುಚ್ಚಿ ಎಕ್ಸ್‌-ರೇ ತೆಗೆಯಬೇಕಿತ್ತು. ಡಿವಿಟಿ ಇದ್ದರೆ ವಾರ್ಡಿನಲ್ಲಿ ಮಲಗಿಸಿ ಹೆಪ್ಪುನಿರೋಧಕ ಹೆಪಾರಿನ್‌ನ ಡ್ರಿಪ್. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಬಂದು ಈ ಯಾತನೆ ತಗ್ಗಿತು: ಮೇಲಿನಿಂದ ಒತ್ತಿದರೆ ಆರೋಗ್ಯವಂತ ನಾಳ ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ ನಾಳ ಆಗುವುದಿಲ್ಲ. 1996ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಹೊಸ ಬಗೆಯ ಹೆಪಾರಿನ್ ಚುಚ್ಚುಮದ್ದನ್ನು ಮನೆಯಲ್ಲೇ ತೆಗೆದುಕೊಳ್ಳಬಹುದೆಂದು ತೋರಿಸಿದವು.

ಕೆನಡಾದ ಫಿಲಿಪ್ ವೆಲ್ಸ್ ಡಿವಿಟಿ ಸಂಭವ ಅಳೆಯಲು 1990ರ ದಶಕದಲ್ಲಿ ರೂಪಿಸಿದ ಅಂಕಪಟ್ಟಿಯಲ್ಲಿ ಕ್ಯಾನ್ಸರ್, ಇತ್ತೀಚಿನ ಶಸ್ತ್ರಚಿಕಿತ್ಸೆ, ಇನ್ನೊಂದು ಕಾಲಿಗಿಂತ 3 ಸೆಂ.ಮೀ.ಗೂ ಹೆಚ್ಚು ಊದಿದ ಮೀನಖಂಡ ಇವಕ್ಕೆಲ್ಲ ತಲಾ ಒಂದು ಅಂಕ. ಬೇರೆ ಕಾಯಿಲೆಯ ಸಾಧ್ಯತೆಯೂ ಅಷ್ಟೇ ಇದೆ ಎನಿಸಿದರೆ ಎರಡು ಅಂಕ ಕಳೆಯಬೇಕು. ನನಗೆ ತುಂಬ ಹಿಡಿಸುವುದು ಈ ಕಳೆಯುವ ಸಾಲೇ. ಲೆಕ್ಕದ ನಡುವೆಯೂ ವೈದ್ಯರ ಅನುಭವಕ್ಕೆ ಅದು ಜಾಗ ಬಿಟ್ಟಿದೆ. 2003ರಲ್ಲಿ ಇದೇ ತಂಡ ಅದಕ್ಕೆ ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಅಂಶ) ರಕ್ತಪರೀಕ್ಷೆಯನ್ನು ಜೋಡಿಸಿತು: ಅಂಕ ಎರಡಕ್ಕಿಂತ ಕಡಿಮೆ, ಪರೀಕ್ಷೆಯೂ ನೆಗೆಟಿವ್ ಎಂದಾದರೆ ಸ್ಕ್ಯಾನೇ ಬೇಡ.

ಆದರೆ ಆ ಪಟ್ಟಿ ಹುಟ್ಟಿದ್ದು ಆಸ್ಪತ್ರೆಯಲ್ಲಿ. ನೆದರ್‌ಲ್ಯಾಂಡ್ಸ್‌ನ ಕುಟುಂಬ ವೈದ್ಯರ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಅಪಾಯ ಕಡಿಮೆ ಎಂದು ಅದು ಹೇಳಿದ ಗುಂಪಿನಲ್ಲೇ ಶೇ. 12ರಷ್ಟು ಮಂದಿಗೆ ಡಿವಿಟಿ ಇತ್ತು. 2005ರಲ್ಲಿ ಡಚ್ಚರು ತಮ್ಮದೇ ಸೂತ್ರ ಮಾಡಿಕೊಂಡರು. ಡಿ-ಡೈಮರ್ ಅದರೊಳಗೇ ಸೇರಿತ್ತು. ಆ ಸೂತ್ರವನ್ನು ಬಳಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ರೋಗಿಗಳನ್ನು ಆಸ್ಪತ್ರೆಗೆ ಕಳಿಸಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಹೆಪ್ಪು ಕಾಣಿಸಿದ್ದು ಅವರಲ್ಲಿ ಶೇ. 1.4 ಮಂದಿಗೆ.

ಇಂಗ್ಲೆಂಡಿನ ನೈಸ್ ಸಂಸ್ಥೆ ಗಡಿಯಾರವನ್ನೂ ತಂದಿತು. ಅದರ 2012ರ ಹಾಗೂ 2020ರ ಮಾರ್ಗಸೂಚಿಗಳ ಪ್ರಕಾರ, ಡಿವಿಟಿ ಸಂಭವ ಹೆಚ್ಚಿದ್ದವರಿಗೆ ನಾಲ್ಕು ಗಂಟೆಯೊಳಗೆ ಸ್ಕ್ಯಾನ್ ಆಗಬೇಕು. ಆಗದಿದ್ದರೆ ಮೊದಲು ಹೆಪ್ಪುನಿರೋಧಕ ಔಷಧ ಕೊಟ್ಟು 24 ಗಂಟೆಯೊಳಗೆ ಮಾಡಬೇಕು. ರೋಗ ಖಚಿತವಾಗುವ ಮೊದಲೇ ಔಷಧ! ಶುಕ್ರವಾರ ಸಂಜೆ ಬಂದ ರೋಗಿಯನ್ನು ನೆನೆದರೆ ಇದು ಸರಿಯೆನಿಸುತ್ತದೆ. ಅಪಿಕ್ಸಬಾನ್, ರಿವರಾಕ್ಸಬಾನ್ ಮಾತ್ರೆಗಳು ಬಂದ ಮೇಲೆ ಚುಚ್ಚುಮದ್ದಿನ ಗೋಜೂ ಇಲ್ಲ.

ಗರ್ಭಿಣಿಯರಿಗೆ ಮಾತ್ರ ಈ ಜಾಣತನ ನಡೆಯದು. ಅವರಲ್ಲಿ ಡಿ-ಡೈಮರ್ ತಾನಾಗಿಯೇ ಏರಿರುತ್ತದೆ, ವೆಲ್ಸ್ ಪಟ್ಟಿಯೂ ಅವರಿಗಾಗಿ ಮಾಡಿದ್ದಲ್ಲ. ಅನುಮಾನ ಬಂದರೆ ಲೆಕ್ಕ ಹಾಕುತ್ತ ಕೂರದೆ ಅಂದೇ ಆಸ್ಪತ್ರೆಗೆ ಕಳಿಸುತ್ತಾರೆ.