ಪ್ರಕೃತಿಯಲ್ಲಿಲ್ಲದ ಬಣ್ಣವುಂಟೆ?

ಪ್ರಕೃತಿಯಲ್ಲಿಲ್ಲದ ಬಣ್ಣವೊಂದನ್ನು ಮನುಷ್ಯನು ಸೃಷ್ಟಿಸಬಲ್ಲನೆ? ಮೇಲ್ನೋಟಕ್ಕೆ ಇದು ರಸಾಯನಶಾಸ್ತ್ರಕ್ಕೆ ಸೇರಿದ ಪ್ರಶ್ನೆ. ಆದರೆ ಬಣ್ಣಗಳ ಇತಿಹಾಸವನ್ನು ಅವಲೋಕಿಸಿದರೆ, ಇದು ತತ್ತ್ವದ ಪ್ರಶ್ನೆಯೂ ಹೌದು, ಅಹಿಂಸೆಯ ಪ್ರಶ್ನೆಯೂ ಹೌದು ಎಂಬುದು ಮನದಟ್ಟಾಗುತ್ತದೆ.

ಸ್ಪರ್ಶ, ರಸ, ಗಂಧ, ವರ್ಣಗಳು ಪುದ್ಗಲದ ಲಕ್ಷಣಗಳೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದಾಚಾರ್ಯರು ಕಪ್ಪು, ನೀಲಿ, ಹಳದಿ, ಬಿಳಿ, ಕೆಂಪು ಎಂದು ಐದು ಮೂಲವರ್ಣಗಳನ್ನು ಹೇಳಿ, ಅವುಗಳ ಪ್ರಭೇದಗಳು ಅನಂತದವರೆಗೂ ಹೋಗುತ್ತವೆಂದು ವಿವರಿಸಿದ್ದಾರೆ. ಇದನ್ನು ಒಪ್ಪಿದರೆ, ಹೊಸದೆಂದು ತೋರುವ ಯಾವ ಬಣ್ಣವೂ ಆ ಅನಂತದ ಹೊರಗಿನದಲ್ಲ. ಇತಿಹಾಸದ ಕೆಲವು ನಿದರ್ಶನಗಳು ಈ ಮಾತನ್ನು ಪರೀಕ್ಷಿಸಲು ನೆರವಾಗುತ್ತವೆ.

ಮನುಷ್ಯನು ತಯಾರಿಸಿದ ಕೃತಕ ವರ್ಣದ್ರವ್ಯಗಳಲ್ಲಿ ಈಜಿಪ್ಟಿನ ನೀಲಿ ಅತಿ ಪ್ರಾಚೀನವಾದವುಗಳಲ್ಲೊಂದು. 4,500 ವರ್ಷಗಳಷ್ಟು ಹಿಂದೆಯೇ ಅಲ್ಲಿನ ಕುಶಲಿಗಳು ಮರಳು, ಸುಣ್ಣ, ತಾಮ್ರ ಮತ್ತು ಕ್ಷಾರವನ್ನು ಬೆರೆಸಿ ಕುಲುಮೆಯಲ್ಲಿ ಕಾಯಿಸಿ ಅದನ್ನು ಪಡೆದರು. ಅದು ಕೇವಲ ಮನುಷ್ಯನ ಕೈಕೆಲಸವೆಂಬ ಭಾವನೆ ಬಹುಕಾಲ ಉಳಿಯಿತು. ಆದರೆ 1938ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಶಿಲೆಗಳಲ್ಲಿ ಅದೇ ರಚನೆಯ ಖನಿಜವು ದೊರೆಯಿತು. ಮನುಷ್ಯನ ಕುಲುಮೆ ಮಾಡಿದ್ದನ್ನು ಭೂಮಿಯ ಕುಲುಮೆಯೂ ಮಾಡಿತ್ತು.

ಬಟ್ಟೆಯ ಬಣ್ಣದ ಚರಿತ್ರೆ ಇನ್ನೂ ಗಂಭೀರವಾದುದು. ರೋಮಿನ ಚಕ್ರವರ್ತಿಗಳ ಪ್ರತಿಷ್ಠೆಯ ಕುರುಹಾಗಿದ್ದ ನೇರಳೆ ಬಣ್ಣವು ಮೆಡಿಟರೇನಿಯನ್ ಸಮುದ್ರದ ಶಂಖದ ಹುಳುಗಳನ್ನು ಕೊಂದು ಪಡೆದದ್ದು. 1909ರಲ್ಲಿ ಪೌಲ್ ಫ್ರೀಡ್‌ಲ್ಯಾಂಡರ್ ಎಂಬ ರಸಾಯನಶಾಸ್ತ್ರಜ್ಞರು 12,000 ಹುಳುಗಳಿಂದ ಪಡೆದ ಶುದ್ಧ ಬಣ್ಣ ಕೇವಲ 1.4 ಗ್ರಾಂ. ಮೆಕ್ಸಿಕೊ, ಪೆರು ದೇಶಗಳ ಪ್ರಸಿದ್ಧ ಕೆಂಪು ಬಣ್ಣಕ್ಕಾಗಿ ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟಗಳನ್ನು ಒಣಗಿಸಿ ಪುಡಿಮಾಡುತ್ತಿದ್ದರು. ಪ್ರಕೃತಿಸಹಜವೆಂಬ ಹೆಸರಿನ ಹಿಂದೆ ಇಂಥ ಅಸಂಖ್ಯ ಜೀವಗಳ ವಧೆ ಅಡಗಿತ್ತು.

1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾಕ್ಕೆ ಔಷಧಿಯಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟನು. ಔಷಧಿ ದೊರೆಯಲಿಲ್ಲ, ದೊರೆತದ್ದು ರೇಷ್ಮೆಗೆ ಚೆನ್ನಾಗಿ ಹಿಡಿಯುವ ನೇರಳೆ ಬಣ್ಣ. ಕಲ್ಲಿದ್ದಲಿನ ಡಾಂಬರಿನಿಂದ ಬಂದ ಆ ವಸ್ತು ಪ್ರಕೃತಿಯಲ್ಲಿ ಇರಲಿಲ್ಲ. ಆದರೆ ನೇರಳೆ ಛಾಯೆಯು ಹೂವಿನಲ್ಲಿ, ಹಣ್ಣಿನಲ್ಲಿ, ಸಂಜೆಯ ಬಾನಿನಲ್ಲಿ ಎಂದಿನಿಂದಲೂ ಇದ್ದಿತು. ಹೊಸದಾದುದು ವಸ್ತು, ವರ್ಣವಲ್ಲ.

ಒಂದು ಹನಿ ನೇರಳೆಗೆ ಇನ್ನು ಹುಳುಗಳ ರಾಶಿ ಸಾಯಬೇಕಾಗಿರಲಿಲ್ಲ. ಇದು ಕೃತಕ ಬಣ್ಣದಿಂದಾದ ನಿಜವಾದ ಉಪಕಾರ. ಆದರೆ ಹಿಂಸೆಯು ಅಳಿಯಲಿಲ್ಲ. ಕಣ್ಣಿಗೆ ಕಾಣದಂತೆ ಸ್ಥಳ ಬದಲಿಸಿತು. 1861ರಲ್ಲಿ ಲಂಡನ್ನಿನಲ್ಲಿ ಕೃತಕ ಹೂಗಳಿಗೆ ಆರ್ಸೆನಿಕ್ ಬೆರೆತ ಹಸಿರು ಪುಡಿಯನ್ನು ಹಚ್ಚುತ್ತಿದ್ದ 19 ವರ್ಷದ ಕಾರ್ಮಿಕಳೊಬ್ಬಳು ಅದರ ವಿಷದಿಂದಲೇ ಪ್ರಾಣಬಿಟ್ಟಳು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಭಾರತದ ನೀಲಿ ಬೆಳೆಯ ಬೆಲೆ ಕುಸಿದಾಗ, ಬಿಹಾರದ ಚಂಪಾರಣ್ಯದ ನೀಲಿ ತೋಟದ ಬಿಳಿಯ ಒಡೆಯರು ತಮ್ಮ ನಷ್ಟವನ್ನು ಹೆಚ್ಚಿನ ಗೇಣಿಯ ರೂಪದಲ್ಲಿ ಬಡ ರೈತರ ಮೇಲೆ ಹೊರಿಸಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋದುದು ಈ ರೈತರ ಕಷ್ಟವನ್ನು ವಿಚಾರಿಸಲೆಂದೇ. ಆ ಕೃತಕ ನೀಲಿಯಾದರೂ ಗಿಡದ ನೀಲಿಯಿಂದ ಭಿನ್ನವಾದ ಬಣ್ಣವಲ್ಲ. ಎರಡೂ ಒಂದೇ ವಸ್ತು.

ಇತ್ತೀಚೆಗೆ ಪ್ರಶ್ನೆಯು ವಸ್ತುವನ್ನು ಬಿಟ್ಟು ಕಣ್ಣಿನ ಒಳಕ್ಕೇ ಸಾಗಿದೆ. ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಸಹಜವಾದ ಯಾವ ಬೆಳಕೂ ನಡುವಿನ ಬಗೆಯನ್ನು ಮಾತ್ರ ಎಚ್ಚರಿಸಲಾರದು. ಉಳಿದವೂ ಜೊತೆಗೆ ಎಚ್ಚರಗೊಳ್ಳುತ್ತವೆ. 2025ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಅತಿ ಸೂಕ್ಷ್ಮವಾದ ಲೇಸರ್ ಕಿರಣದಿಂದ ಆ ಒಂದು ಬಗೆಯ ಕೋಶಗಳನ್ನೇ ಆರಿಸಿ ಪ್ರಚೋದಿಸಿದರು. ಐವರು ಮಾತ್ರ ನೋಡಿದ ಆ ಬಣ್ಣಕ್ಕೆ ‘ಓಲೊ’ ಎಂದು ಹೆಸರಿಟ್ಟರು. ಅದು ಎಲ್ಲಿಯೂ ಕಾಣದಷ್ಟು ಗಾಢವಾದ ಹಸಿರುನೀಲಿಯೆಂದು ವರ್ಣಿಸಲಾಯಿತು. ಅದು ಹೊಸ ಬಣ್ಣವೋ, ಹಸಿರಿನ ಅತಿ ಗಾಢ ರೂಪವೋ ಎಂಬ ವಿವಾದವೂ ಎದ್ದಿತು. ಅಲ್ಲಿ ಬಳಸಿದ ಬೆಳಕು ಸಾಮಾನ್ಯ ಹಸಿರು ಬೆಳಕೇ. ಹೊಸದಾದುದು ನೋಟದ ಅನುಭವ ಮಾತ್ರ.

ಆದುದರಿಂದ ಈ ಪ್ರಶ್ನೆಗೆ ಅನೇಕಾಂತದ ಉತ್ತರವೇ ಯೋಗ್ಯ. ದ್ರವ್ಯದೃಷ್ಟಿಯಿಂದ ನೋಡಿದರೆ ಮನುಷ್ಯನು ವರ್ಣಗುಣವನ್ನು ಸೃಷ್ಟಿಸಲಾರ. ಅದು ಪುದ್ಗಲದಲ್ಲಿ ಇದ್ದೇ ಇದೆ. ಪರ್ಯಾಯದೃಷ್ಟಿಯಿಂದ ನೋಡಿದರೆ ಹಿಂದೆಂದೂ ಇಲ್ಲದ ವಸ್ತುವನ್ನೂ, ಯಾರೂ ಕಾಣದ ನೋಟವನ್ನೂ ಅವನು ತರಬಲ್ಲ. ಆದರೆ ಆ ಪರ್ಯಾಯವನ್ನು ತರುವಾಗ ಆಗುವ ನೋವಿಗೆ ಹೊಣೆ ಪೂರ್ಣವಾಗಿ ಅವನದೇ.

ಭಾರತದಲ್ಲಿ 2017ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಜಾರಿಯಲ್ಲಿದೆ. ಸೀಸವು ಮಕ್ಕಳ ಮಿದುಳಿಗೆ ಮಾರಕವಾದುದೇ ಇದಕ್ಕೆ ಕಾರಣ. ಮನೆಗಾಗಲಿ ಬಸದಿಗಾಗಲಿ ಬಣ್ಣ ಬಳಿಸುವಾಗ, ವಸ್ತ್ರವನ್ನು ಆರಿಸುವಾಗ, ‘ಸಹಜವೋ ಕೃತಕವೋ’ ಎಂದು ಕೇಳಿದರೆ ಸಾಲದು. ಶಂಖದ ಹುಳುವಿನ ನೇರಳೆ ಸಹಜವಾಗಿತ್ತು. ಪರ್ಕಿನನ ನೇರಳೆ ಕೃತಕವಾಗಿತ್ತು. ಇದಕ್ಕಾಗಿ ಯಾವ ಜೀವ ನೊಂದಿತು ಎಂಬುದೇ ಶ್ರಾವಕನು ಮೊದಲು ಕೇಳಬೇಕಾದ ಪ್ರಶ್ನೆ.